ಸ್ವಾಲ್ಡ್‌ಗೆ ‘ದಿ’ ಬೇಕೆಂದವರು

ಹದಿನೆಂಟು ವರ್ಷ ಸ್ವಾಲ್ಡ್ ಸಂಸ್ಥೆಯ ಇಂಗ್ಲಿಷ್ ವರದಿಗಳ ತಪ್ಪು ತಿದ್ದಿದವಳು ಆಕೆ. ಮಣ್ಣು, ನೀರಿನ ಅಧ್ಯಯನ ನಡೆಸುವ ಆ ಸಂಸ್ಥೆಗೆ ಒಂದೇ ಉಸಿರಿನಲ್ಲಿ ಹೇಳಲಾಗದಷ್ಟು ಉದ್ದದ ಹೆಸರಿತ್ತು. ಅದರ ಮೊದಲಕ್ಷರಗಳನ್ನು ಕೂಡಿಸಿದರೆ ಸ್ವಾಲ್ಡ್. ಕಚೇರಿಯವರು ಅವಳಿಗಿಟ್ಟ ಅಡ್ಡಹೆಸರು ಕೆಂಪು ಪೆನ್ನು. ಎದುರು ಮೇಜಿನಲ್ಲಿ ಕೂರುತ್ತಿದ್ದವಳು ಅವಳ ತೀರಿಹೋದ ಅಕ್ಕನ ಮಗಳು. ಅವರಿವರ ಕೈಕಾಲು ಹಿಡಿದು ಹುಡುಗಿಗೆ ಆ ಕೆಲಸ ಕೊಡಿಸಿದ್ದೂ ಕೆಂಪು ಪೆನ್ನೇ, ಕಲಿಸಿದ್ದೂ ಅವಳೇ.

“ಉದ್ದ ಹೆಸರಾದ್ರೆ ಮೊದಲು ‘ದಿ’ ಹಾಕು. ಚುಟುಕು ಹೆಸರನ್ನ ಅಕ್ಷರ ಬಿಡಿಸಿ ಓದೋದಾದ್ರೂ ಹಾಕು, ‘ದಿ ಯುಎನ್’ ಅನ್ನೋ ಹಾಗೆ. ಒಂದೇ ಪದದ ಥರ ಓದೋದಾದ್ರೆ ಬೇಡ. ಯುನೆಸ್ಕೊಗೆ ಯಾರಾದ್ರೂ ‘ದಿ’ ಹಾಕ್ತಾರಾ? ನಮ್ಮ ಸ್ವಾಲ್ಡ್‌ಗೂ ಅಷ್ಟೆ,” ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದಳು.

ಆಮೇಲೆ ಹೊಸ ನಿರ್ದೇಶಕ ಬಂದ. ‘ದಿ ಸ್ವಾಲ್ಡ್’ ಅಂದರೇನೇ ತೂಕ ಎಂಬುದು ಅವನ ತಲೆ ಹೊಕ್ಕಿತ್ತು. ವಾರ್ಷಿಕ ವರದಿಯ ತುಂಬ ಅವನು ತುರುಕಿಸಿದ್ದ ಇನ್ನೂರಕ್ಕೂ ಹೆಚ್ಚು ‘ದಿ’ಗಳನ್ನು ಅವಳು ಒಂದೂ ಬಿಡದೆ ಹೊಡೆದುಹಾಕಿ ಅಚ್ಚಿಗೆ ಕಳಿಸಿದಳು. ವರದಿ ಕೈಗೆ ಬಂದ ದಿನವೇ ಅವನು ಎಲ್ಲರನ್ನೂ ಸಭೆಗೆ ಕರೆಸಿದ.

“ಸಂಸ್ಥೆ ಯಾರು ಹೇಳ್ದಂಗೆ ನಡೀಬೇಕು? ನಾನು ಹೇಳ್ದಂಗೋ, ನೀವು ಹೇಳ್ದಂಗೋ?”

“ಸಂಸ್ಥೆ ನೀವು ಹೇಳ್ದಂಗೇ ನಡೀಲಿ ಸರ್. ವ್ಯಾಕರಣ ಹೇಗೆ ನಡೆಯುತ್ತೆ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕನ ಮುಖ ಕೆಂಪೇರಿತು. ಅವನು ಅಕ್ಕನ ಮಗಳ ಕಡೆ ತಿರುಗಿದ. “ನೀನು ಹೇಳಮ್ಮ. ಬೇಕೋ, ಬೇಡವೋ?”

ಹುಡುಗಿ ಮುಂದಿದ್ದ ನೀರಿನ ಲೋಟ ನೋಡುತ್ತ, “ಇದ್ರೇನೇ ಚೆನ್ನಾಗಿರುತ್ತೆ ಸರ್,” ಎಂದಳು.

ಸೋಮವಾರದಿಂದ ಕೆಂಪು ಪೆನ್ನಿಗೆ ನೆಲಮಾಳಿಗೆಯ ರವಾನೆ ವಿಭಾಗ. ಲಕೋಟೆಗಳಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸ. ಅವಳ ಕುರ್ಚಿ ಹುಡುಗಿಗೆ.

“ಒಂದು ‘ದಿ’ಗೋಸ್ಕರ ಇಬ್ರೂ ಕೆಲಸ ಕಳ್ಕೋಬೇಕಿತ್ತಾ ಚಿಕ್ಕಮ್ಮ?” ಎಂದಳು ಹುಡುಗಿ ಮನೆಯಲ್ಲಿ.

“ಗೊತ್ತಿಲ್ಲ ಅಂದಿದ್ರೂ ಸಾಕಿತ್ತು.”

ಅಂದಿನಿಂದ ಒಂದೇ ಮನೆಯಲ್ಲಿದ್ದರೂ ಊಟ ಬೇರೆ ಬೇರೆ ಹೊತ್ತಿಗೆ.

ನಾಲ್ಕು ತಿಂಗಳಾದ ಮೇಲೆ ಪರದೇಶದ ಸಂಶೋಧನಾ ಕೇಂದ್ರವೊಂದರಿಂದ ಪತ್ರ ಬಂತು: ‘ದಿ’ ಸೇರಿಸಿ ನಿಮ್ಮ ಹೆಸರನ್ನು ನೀವೇ ತಪ್ಪಾಗಿ ಬರೆಯುತ್ತಿದ್ದೀರಿ, ಗಮನಿಸಿ. ನಿರ್ದೇಶಕ ತಬ್ಬಿಬ್ಬಾದ. ಹುಡುಗಿ ಯುನೆಸ್ಕೊ ಸಮೇತ ಇಡೀ ನಿಯಮವನ್ನು ಪಟಪಟನೆ ಒಪ್ಪಿಸಿ, ತನಗೆ ಮೊದಲಿಂದಲೂ ಅನುಮಾನವಿತ್ತು ಎಂದಳು. ಸಂಸ್ಥೆಯ ಮಾನ ಉಳಿಸಿದವಳೆಂದು ಅವಳ ಭಾವಚಿತ್ರ ಸೂಚನಾ ಫಲಕಕ್ಕೆ ಏರಿತು, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೊಗಳಿಕೆ. ಕೆಂಪು ಪೆನ್ನು ಅದನ್ನು ನಿಂತು ಓದಿದಳು. ಎರಡು ತಪ್ಪಿದ್ದವು. ಯಾರಿಗೂ ಹೇಳಲಿಲ್ಲ.

ಮರುವಾರ ಹುಡುಗಿ ಹಾಳೆ ಹಿಡಿದು ನೆಲಮಾಳಿಗೆಗೆ ಇಳಿದು ಬಂದಳು. “ಚಿಕ್ಕಮ್ಮ, ಈ ಕಂಪನಿ ಹೆಸರಿಗೆ ‘ದಿ’ ಬರುತ್ತಾ? ಸರ್ ಕಾಯ್ತಿದಾರೆ.”

ಕಂಪನಿ ಹೆಸರುಗಳ ನಿಯಮವೇ ಬೇರೆ, ಅದನ್ನು ಹುಡುಗಿಗೆ ಕಲಿಸಿರಲಿಲ್ಲ; ಬರುವುದಿಲ್ಲವೆಂದು ಕೆಂಪು ಪೆನ್ನಿಗೆ ನೋಡಿದೊಡನೆ ಗೊತ್ತಾಯಿತು.

“ನಂಗೇನು ಗೊತ್ತಮ್ಮ? ನಾನು ಚೀಟಿ ಅಂಟಿಸೋಳು.”

ಹುಡುಗಿ ಹಾಳೆ ಮಡಚಿದಳು. “ಹಾಗಾದ್ರೆ ಹಾಕ್ಬಿಡ್ತೀನಿ,” ಎಂದು ಮೆಟ್ಟಿಲ ಕಡೆ ಹೊರಟಳು.

ಹೊಟ್ಟೆ ತಣ್ಣಗಾದೀತು ಅಂದುಕೊಂಡಿದ್ದಳು ಕೆಂಪು ಪೆನ್ನು. ಆಗಲಿಲ್ಲ. ಕರೆಯಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನ ಬಾಗಿಲು ಮುಚ್ಚಿಕೊಂಡಿತು. ಅವಳು ಎದ್ದು ಹೋಗಲಿಲ್ಲ.