ಚೆನ್ನಯ ಮತ್ತೆ ಒಲೆ ಹಚ್ಚಿದ್ದು

ಮುಂಬಯಿಯ ದಾದರಿನ ಹೋಟೆಲಿನ ಅಡುಗೆಮನೆಯಲ್ಲಿ ಗ್ಯಾಸ್ ಹೊತ್ತಿಕೊಂಡು ಗೆಳೆಯ ಅಂಗಾರ ಸತ್ತ ಮೇಲೆ ಚೆನ್ನಯನಿಗೆ ಒಲೆಯ ಹತ್ತಿರ ಸುಳಿಯಲೂ ಆಗುತ್ತಿರಲಿಲ್ಲ. ಇಬ್ಬರೂ ಕಾರ್ಕಳದ ಕಡೆಯವರು. ಕುರ್ಲಾದ ಚಾಳಿನ ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಇದ್ದವರು. ಈಗ ಬರ್ನರ್ ಭುಸ್ಸೆಂದರೆ ಸಾಕು, ಚೆನ್ನಯನ ಮೈ ಬೆವರುತ್ತಿತ್ತು, ಕಿವಿಯಲ್ಲಿ ಅಂಗಾರನ ಕೂಗು ಏಳುತ್ತಿತ್ತು. ದೋಸೆ ಹುಯ್ಯುತ್ತಿದ್ದವನು ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚತೊಡಗಿದ. ಖೋಲಿಯಲ್ಲಿ ಚಹಾ ಕೂಡ ಮಾಡಿಕೊಳ್ಳುತ್ತಿರಲಿಲ್ಲ. ಯಾರೊಡನೆಯೂ ಮಾತಿಲ್ಲ.

ಹೋಟೆಲಿನ ಧಣಿಯೇ ಅವನನ್ನು ಶೀತಲ್ ಎಂಬ ಮನೋಚಿಕಿತ್ಸಕಿಯ ಬಳಿ ಕಳಿಸಿದರು. ವಿಜಯಪುರದ ಮನೆತನ, ಮುಂಬಯಿಯಲ್ಲೇ ಬೆಳೆದ ಹುಡುಗಿ. ಮೊದಲು ಕೆಲವು ವಾರ ಬರೀ ಮಾತುಕತೆ. ಆಮೇಲೊಂದು ಮಧ್ಯಾಹ್ನ ಕುರ್ಚಿ ಹತ್ತಿರಕ್ಕೆಳೆದುಕೊಂಡು ಎರಡು ಬೆರಳು ಎತ್ತಿದಳು.

“ಅಂಕಲ್, ಆ ದಿವಸದ್ದು ಎಲ್ಲಾಕಿಂತ ಖರಾಬ್ ಏನದ, ಅದನ್ನ ಮನಸ್ನ್ಯಾಗ ಇಟ್ಕೋರಿ. ತಲಿ ಅಲ್ಲಾಡಿಸಬ್ಯಾಡ್ರಿ. ಸಿರ್ಫ್ ಕಣ್ಣು ನನ್ನ ಬೆರಳಿನ ಹಿಂದ ಬರ್ಲಿ.”

“ಇದರಿಂದ ಎಂತ ಆಗ್ತದೆ ಮೇಡಂ?”

“ನೆನಪಿನ ಅಂಜಿಕಿ ಕಡಿಮಿ ಆಗ್ತದ, ನೋಡೂಣು. ಸಾಕನಿಸಿದ್ರ ಕೈ ಎತ್ರಿ, ನಿಲ್ಲಸ್ತೀನಿ.”

ಬೆರಳು ಎಡಕ್ಕೆ, ಬಲಕ್ಕೆ ಹೋಗಿ ಬಂತು. ಬೆಂಕಿ ಕಂಡಿತು. ಬಾಗಿಲ ಬಳಿ ಕಾಲು ಕಟ್ಟಿಹೋದಂತೆ ನಿಂತಿದ್ದ ತನ್ನನ್ನೂ ಕಂಡ. ಚೆನ್ನಯ ಅಳತೊಡಗಿದ.

“ಈಗ ಏನ್ ಬಂತು?”

“ಅವ ಕರೀತಿದ್ದ. ನಾನು ಒಳಗೆ ಹೋಗ್ಲಿಲ್ಲ.”

ಶೀತಲ್ ಸಮಾಧಾನ ಹೇಳಲು ಹೋಗಲಿಲ್ಲ. ಅವನು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಮತ್ತೆ ಬೆರಳು ಎತ್ತಿದಳು.

ಹೀಗೆ ವಾರಗಳು ಕಳೆದವು. ಕೂಗು ಹೋಗಲಿಲ್ಲ, ದೂರವಾಯಿತು. ಒಂದು ದಿನ ಕಣ್ಣು ಓಡುತ್ತಿರುವಾಗಲೇ ಬೇರೊಬ್ಬ ಅಂಗಾರ ಕಂಡ: ಬನಿಯನ್ನಿನಲ್ಲಿ ಕೂತು, ಧಣಿಯ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದವನು. “ಆ ಬೆಂಕಿಗೆ ಯಾರು ಹೋಗಿದ್ರೂ ಹೊರಗೆ ಬರ್ತಿರ್ಲಿಲ್ಲ,” ಎಂದ ಚೆನ್ನಯ. ಎಷ್ಟೋ ಜನ ಅವನಿಗೆ ಹೇಳಿದ್ದ ಮಾತೇ. ಅಂದು ಮೊದಲ ಸಲ ಅವನಿಗೇ ನಿಜವೆನಿಸಿತು.

ಮರುವಾರ ಅವನು ದೋಸೆ ಹಂಚಿನ ಮುಂದೆ ನಿಂತ. ಒಲೆ ಹೊತ್ತಿತು, ದೋಸೆ ಎದ್ದಿತು. ಎಲ್ಲರಿಗೂ ಖುಷಿ. ಚೆನ್ನಯ ಮಾತ್ರ ಸಂಜೆಯ ಲೋಕಲ್ ರೈಲಿನಲ್ಲಿ ಸಪ್ಪಗೆ ನಿಂತಿದ್ದ. ಈ ಸುದ್ದಿಯನ್ನು ತುಳುವಿನಲ್ಲಿ ಹೇಳಿಕೊಳ್ಳಲು ಒಬ್ಬನೇ ಒಬ್ಬ ಇದ್ದವನು ಅಂಗಾರ. ಹೆದರಿಕೆ ಇದ್ದಷ್ಟು ದಿನ ಅಂಗಾರ ಆ ಬೆಂಕಿಯಲ್ಲಾದರೂ ಇದ್ದ. ಈಗ ಎಲ್ಲೂ ಇರಲಿಲ್ಲ.

ಕುರ್ಲಾದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಅಷ್ಟು ದಿನ ಧೈರ್ಯವಾಗದೆ ಬಿಟ್ಟಿದ್ದ ಫೋನನ್ನು ಮಾಡಿದ. ಆ ಕಡೆ, ಊರಿನಲ್ಲಿ, ಎತ್ತಿದವಳು ಅಂಗಾರನ ಹೆಂಡತಿ ಸೇವಂತಿ.

“ನಾನು, ಚೆನ್ನಯ,” ಎಂದ.

ಆಮೇಲೆ, ಮತ್ತೆ ಒಲೆ ಹಚ್ಚಿದ ಸುದ್ದಿಯನ್ನು ಅವಳಿಗೆ ತುಳುವಿನಲ್ಲಿ ಹೇಳಿದ. ಸೇವಂತಿ ಫೋನ್ ಇಡಲಿಲ್ಲ.