ಉಳಿದ ಹಣ

ಲಾಟರಿ ಟಿಕೆಟ್ಟಿನ ಕರಡು ಮೇಜಿಗೆ ಬಂದಾಗ ನಾನು ಮೊದಲು ಹಿಂಬದಿಯನ್ನೇ ಓದಿದೆ. ಈ ಮುದ್ರಣಾಲಯದಲ್ಲಿ ಹನ್ನೊಂದು ವರ್ಷ ಕರಡು ತಿದ್ದಿ ಕಲಿತದ್ದು ಇಷ್ಟೇ: ಜನ ಓದಬಾರದ್ದನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ.

‘ಬಹುಮಾನ, ಖರ್ಚು ಕಳೆದು ಉಳಿದ ಹಣ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿಗೆ.’

ಉಳಿದ? ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆ ವಾರ್ಡಿನಲ್ಲಿ ನನ್ನ ಅಕ್ಕ ನರ್ಸ್. ಅಲ್ಲಿ ಕಾವು ಕೊಡುವ ಪೆಟ್ಟಿಗೆಗಳು ಎರಡೇ; ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಒಂದೊಂದರಲ್ಲಿ ಎರಡೆರಡು ಮಲಗಿಸುತ್ತಾಳೆ. ಹೊಸ ಪೆಟ್ಟಿಗೆಗಳಿಗಾಗಿಯೇ ಈ ಲಾಟರಿ.

ಹಳೆಯ ಮಾದರಿಗಳ ಕಡತ ಇಳಿಸಿದೆ. ಊರಿನ ಲಾಟರಿಗಳೆಲ್ಲ ಇಲ್ಲೇ ಅಚ್ಚಾದವು: ಸೇತುವೆಯದು, ಶಾಲೆಯದು, ಕುಡಿಯುವ ನೀರಿನ ಕೊಳವೆಯದು. ಅರವತ್ತು ವರ್ಷಗಳ ಟಿಕೆಟ್ಟುಗಳ ಬೆನ್ನಿಗೆ ಒಂದೇ ಮಾತು, ‘ಮಾರಾಟದ ಅರ್ಧ ಹಣ.’ ಆ ಸೇತುವೆ ದಾಟಿಯೇ ನಾನು ದಿನಾ ಕೆಲಸಕ್ಕೆ ಬರುವುದು.

ಲಾಟರಿ ನಡೆಸುವವನಿಗೆ ಫೋನ್ ಮಾಡಿ, ‘ಅರ್ಧ’ ಯಾಕೆ ‘ಉಳಿದ’ ಆಯಿತು ಎಂದು ಕೇಳಿದೆ.

“ಅಯ್ಯೋ ಮೇಡಂ, ಅರ್ಧ ಅಂದ್ರೂ ಅದೇ, ಉಳಿದ ಅಂದ್ರೂ ಅದೇ. ಅರ್ಥ ಒಂದೇ ಅಲ್ವಾ?”

“ಒಂದೇ ಆದ್ರೆ ಹಳೇದೇ ಇರ್ಲಿ ಬಿಡಿ.”

ಅವನು ಕೆಮ್ಮಿದ. “ನೀವು ಕಾಗುಣಿತ ನೋಡ್ಕೊಳ್ಳಿ, ಸಾಕು. ಫೋನ್ ಓನರ್‌ಗೆ ಕೊಡಿ.”

ಮಾಲೀಕರು “ಹೂಂ, ಹೂಂ” ಎಂದಷ್ಟೇ ಹೇಳಿ ಫೋನ್ ಇಟ್ಟರು. ಈ ಕೆಲಸ ಹೋಯಿತು ಎಂದುಕೊಂಡೆ.

“ಏನಂದ್ರು ಸರ್?”

“ನಿನ್ನ ನಾಲಿಗೆ ಉದ್ದ ಅಂದ.” ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅವನ ಖರ್ಚಿನ ಪಟ್ಟಿ ನಾನೂ ನೋಡಿದೀನಮ್ಮ. ಎಲ್ಲಾ ಕಳೆದ್ರೆ ಉಳಿಯೋದು ಬರೀ ರಸೀದಿ. ತಿದ್ದು. ಆದ್ರೆ ನೀನೇ ತಿದ್ದು, ನನ್ನ ಅಕ್ಷರ ಅವನಿಗೆ ಗೊತ್ತು. ಅಚ್ಚಾದ್ಮೇಲೆ ಕೇಳಿದ್ರೆ, ನಮ್ಮ ಹುಡುಗಿ ಹಳೇ ಮಾದರಿ ನೋಡ್ಕೊಂಡು ಕಣ್ತಪ್ಪಿನಿಂದ ಹಾಕ್ಬಿಟ್ಲು ಅಂತೀನಿ.”

ನಲವತ್ತಮೂರರ ನಾನು ಇದ್ದಕ್ಕಿದ್ದಂತೆ ಹುಡುಗಿಯಾದೆ. ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂಬುದು ಆಗಲೇ ತೀರ್ಮಾನವಾಗಿತ್ತು. ಆದರೆ ಟಿಕೆಟ್ಟು ಒಮ್ಮೆ ಜನರ ಕೈ ಸೇರಿದರೆ ‘ಅರ್ಧ’ ಎಂಬ ಮಾತನ್ನು ಲಾಟರಿಯವನು ಯಾರ ಕೈಯಿಂದಲೂ ಕಿತ್ತುಕೊಳ್ಳಲಾರ.

‘ಬಹುಮಾನ, ಖರ್ಚು ಕಳೆದು ಉಳಿದ ಹಣ’ ಎಂಬುದನ್ನು ಹೊಡೆದುಹಾಕಿದೆ. ‘ಮಾರಾಟದ ಅರ್ಧ ಹಣ’ ಎಂದು ಬರೆದು ಸಹಿ ಮಾಡಿದೆ. ಅದರ ಪಕ್ಕದಲ್ಲೇ ‘ಮಾಲೀಕರು ಹೇಳಿದಂತೆ ತಿದ್ದಿದೆ’ ಎಂದು ಸೇರಿಸಿ ತಾರೀಕು ಹಾಕಿದೆ.

“ನನ್ನ ಮೇಲೂ ನಂಬಿಕೆ ಇಲ್ವೇನಮ್ಮಾ?”

“ಇದೆ ಸರ್. ಅದಕ್ಕೇ ಬರೆದಿದ್ದು.”

ಅವರು ಹಾಳೆಯನ್ನು ಎರಡು ಸಲ ಓದಿ ಯಂತ್ರದ ಕಡೆ ನಡೆದರು. ಮೊದಲ ಟಿಕೆಟ್ಟು ಹೊರಬಿದ್ದು, ಅದರ ಬೆನ್ನು ತಿರುಗಿಸಿ ಓದುವವರೆಗೂ ನಾನು ಅವರ ಹಿಂದೆಯೇ ನಿಂತಿದ್ದೆ.