ಒಬ್ಬರೇ ನಡೆಸುವ ಹಾಯಿದೋಣಿ

ನನ್ನ ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಕಾಮಾಲೆಯಾಗಿತ್ತು, ಬೇಗ ಮುಗಿದುಹೋಯಿತು. ಮಣ್ಣು ಕೊಟ್ಟು ಬಂದವರು ಅಂಗಳದಲ್ಲಿ ಕೂತಿದ್ದರು. ನಾನು ನಡುಮನೆಯ ಕಂಬಕ್ಕೆ ಒರಗಿದ್ದೆ, ಅಷ್ಟೇ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆ ಶಿವಗಂಗಮ್ಮ, "ಆ ದೋಣಿ ಒಡೆಸಿಬಿಡಾಣ, ಸೌದೆಗಾದ್ರೂ ಆಗ್ತೈತೆ," ಎಂದರು. ಆಗ ಅಳು ಬಂತು. ಬಿಕ್ಕಿ ಬಿಕ್ಕಿ ಬಂತು. ಅತ್ತೆ ನನ್ನ ತಲೆ ಸವರಿ, "ಅಳು ರುದ್ರಾಣಿ. ಈಗಲಾದ್ರೂ ಕಲ್ಲು ಕರಗ್ತಲ್ಲ," ಎಂದರು. ಗಂಡನಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದರು.

ನನ್ನ ಗಂಡ ನೀರಾವರಿ ಇಲಾಖೆಯ ಎಂಜಿನಿಯರು. ಮಂಗಳೂರು ಕಡೆ ಓದುವಾಗ ಎನ್‌ಸಿಸಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದರು. ಸ್ವಂತ ಊರು ತ್ಯಾವಣಿಗೆಗೆ ವರ್ಗವಾಗಿ ಬಂದ ವರ್ಷ, ಸೂಳೆಕೆರೆಯಲ್ಲಿ ಬಿಡಲೆಂದು ಪ್ಲೈವುಡ್ಡಿನ ದೋಣಿ ಮಾಡಿಸಿದರು. ಭಾನುವಾರ ಇಬ್ಬರೂ ಹೋಗುತ್ತಿದ್ದೆವು. ಹಿಂದೆ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ ಅವರ ಕೈಲಿ. ಮುಂದಿನ ಚಿಕ್ಕ ಹಾಯಿಯ ಎರಡು ಹಗ್ಗ ನನ್ನ ಕೈಲಿ. ಎಳಿ ಅಂದರೆ ಎಳೆಯಬೇಕು, ಬಿಡು ಅಂದರೆ ಬಿಡಬೇಕು. ಜಗಳೂರಿನಲ್ಲಿ ಒಂದು ಕೊಡ ನೀರಿಗೆ ಸಾಲು ನಿಂತು ಬೆಳೆದವಳು ನಾನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗಲೂ ಕೆರೆಯನ್ನು ದಡದಿಂದ ನೋಡಿದ್ದಷ್ಟೇ. ಈಜು ಕಲಿಸಿದ್ದೂ ಅವರೇ. ಆದರೂ ದೋಣಿ ಒಂದು ಮಗ್ಗುಲಿಗೆ ವಾಲಿ ಓಡುವಾಗ ಆಗುತ್ತಿದ್ದ ಸುಖ ಮನೆಯಲ್ಲಿ ಅವರ ಪಕ್ಕದಲ್ಲಿ ನನಗೆ ಎಂದೂ ಆಗಿರಲಿಲ್ಲ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ.

ಊರಿನ ಬಡಗಿ ಮರುಳಪ್ಪನನ್ನು ಕೆರೆ ದಡಕ್ಕೆ ಕರೆಸಿದೆ.

"ಒಬ್ಬರೇ ನಡೆಸೋ ಹಂಗೆ ಆಗಬೇಕು. ಮುಂದೆ ಕೂರೋ ಹಲಗೆ ಕಿತ್ತುಬಿಡ್ರಿ. ಆ ಎರಡು ಹಗ್ಗ ಅಂಚಿನಗುಂಟ ಹಿಂದಕ್ಕೆ ಬರಬೇಕು. ಹಿಂದೆ ಕೂತವರ ಕೈಗೆ ಸಿಗೋ ಹಂಗೆ ಎರಡೂ ಕಡೆ ಗೂಟ ಹಾಕ್ರಿ, ಹಗ್ಗ ಸುತ್ತಾಕೆ. ಚುಕ್ಕಾಣಿ ಹಿಡಿಗೆ ಒಂದು ಕೋಲು ಸೇರಿಸ್ರಿ. ಅಂಚಿನ ಮೇಲೆ ಕೂತೇ ತಿರುಗಿಸಬೇಕು."

ಮರುಳಪ್ಪ ದೋಣಿಗೆ ಒಂದು ಸುತ್ತು ಬಂದು, "ಯಾರ ಮೊಳ, ಅವ್ವಾರೆ?" ಅಂದ.

ನಮ್ಮ ಬಡಗಿಗಳು ಟೇಪು ಹಿಡಿಯುವುದು ಬಾಗಿಲು ಕಿಟಕಿಗೆ. ನೇಗಿಲ ಮೇಳಿಯೋ ಗುದ್ದಲಿ ಕಾವೋ ಆದರೆ ಅದನ್ನು ಹಿಡಿಯುವವನ ಮೊಳದಿಂದಲೇ ಅಳೆಯುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ:

"ಸಣ್ಣ ಯಜಮಾನ್ರದೇ ಇರಬೇಕು. ಮೊಳೆ ತರಾಕೆ ಹೊನ್ನಾಳಿಗೆ ಹೋಗ್ತೀನಲ್ಲ, ಅಂಗಡಿಯಾಗೇ ಅಳತೆ ತಗಂಡ್ ಬರ್ತೀನಿ ಬಿಡ್ರಿ."

ಸಣ್ಣ ಯಜಮಾನರೆಂದರೆ ನನ್ನ ಮೈದುನ ಷಣ್ಮುಖಪ್ಪ. ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಆಳು. ಗಂಡ ಸತ್ತು ವರ್ಷ ತುಂಬುವ ಮೊದಲೇ ಕೆರೆಗಿಳಿಯುವ ಆಸೆ ನನ್ನದು ಎನ್ನುವುದಕ್ಕಿಂತ "ಹೂಂ" ಎನ್ನುವುದು ಸುಲಭವಾಗಿತ್ತು.

ಕೆಲಸ ಮುಗಿದ ದಿನ ಷಣ್ಮುಖಪ್ಪ ದೋಣಿ ಒಯ್ಯಲು ಲಾರಿಯನ್ನೇ ತಂದ. ಅತ್ತೆಯೂ ದಡಕ್ಕೆ ಬಂದರು. ಅವನು ದಡದ ಮೇಲಿದ್ದ ದೋಣಿಯೊಳಗೆ ಕೂತು ಎಡಗೈಗೆ ಕೋಲು ತೆಗೆದುಕೊಂಡು ಬಲಗೈ ಚಾಚಿದ. ಗೂಟ ಸರಿಯಾಗಿ ಸಿಕ್ಕಿತು.

"ಹೇಳಿ ಮಾಡಿಸಿದಂಗೈತಲ್ಲೋ ಮರುಳಪ್ಪ!"

"ಹೇಳೇ ಮಾಡ್ಸಿದ್ದಲ್ರೀ ಮತ್ತೆ?"

"ಬಚ್ಚಲ ನೀರು ಕಂಡ್ರೇ ಹೆದರ್ತೀಯ," ಎಂದರು ಅತ್ತೆ. "ನೀನು ಇದನ್ನ ತಗಂಡು ಏನ್ ಮಾಡ್ತೀಯಪ್ಪಾ?"

"ಕಲ್ತ್ಕಂತೀನವ್ವ. ಹೊನ್ನಾಳಿ ಹೊಳ್ಯಾಗೆ ಬಿಡ್ತೀನಿ."

ಇಳಿದು ನನ್ನ ಹತ್ತಿರ ಬಂದು, ನೆಲ ನೋಡುತ್ತ ಹೇಳಿದ: "ಅಣ್ಣನ ವಸ್ತು ನಂಗೆ ಸೇರ್ಲಿ ಅಂತ ನಿಮಗೆ ಅನ್ನಿಸ್ತಲ್ಲ ಅತ್ತಿಗೆ. ನಾನೇ ನಿಮ್ಮನ್ನ ತಪ್ಪು ತಿಳ್ಕಂಡಿದ್ದೆ." ಅವನ ಕಣ್ಣು ತುಂಬಿತ್ತು.

ಹಮಾಲರು ದೋಣಿಯ ಕೆಳಗೆ ಬೊಂಬು ತೂರಿಸುತ್ತಿದ್ದರು. ಒಮ್ಮೆ ಲಾರಿ ಹತ್ತಿದರೆ ಮತ್ತೆ ಕೇಳುವಂತಿರಲಿಲ್ಲ.

"ದೋಣಿ ನಂದು," ಎಂದೆ. "ನಾನೊಬ್ಬಳೇ ನಡೆಸಾಕೆ ಅಂತ ಮಾಡಿಸಿದ್ದು."

ಅವನು ತನ್ನ ಬಲಗೈಯನ್ನು ನೋಡಿಕೊಂಡ. "ಮತ್ತೆ ನನ್ನ ಕೈ ಯಾಕೆ ಅಳೆಸಿದ್ರಿ?"

"ಹೇಳಾಕೆ ನಾಚಿಕೆ ಆಯ್ತು."

"ಆಗ ಆಯ್ತು, ಈಗ ಹೋಯ್ತೇನು?" ಎಂದರು ಅತ್ತೆ.

"ಇಲ್ಲ ಅತ್ತೆ. ಈಗಲೂ ಐತೆ."

ಅತ್ತೆ ಒಂದು ಹೆಜ್ಜೆ ಹತ್ತಿರ ಬಂದರು. "ಸೌದೆ ಅಂದಾಗ ಅಳ್ತಿದ್ದೆಯಲ್ಲ. ಅದೂ ಇದಕ್ಕೇನಾ?"

ಇಲ್ಲ ಎನ್ನಬಹುದಿತ್ತು. "ಹೌದು" ಎಂದೆ.

ಷಣ್ಮುಖಪ್ಪ ಹಮಾಲರಿಗೆ ಕೈಸನ್ನೆ ಮಾಡಿದ. ಅವರು ಬೊಂಬು ಎಳೆದುಕೊಂಡರು. ಅವನು ಲಾರಿ ಹತ್ತಿದ. ಬೈದಿದ್ದರೆ ಚೆನ್ನಾಗಿತ್ತು.

ಮರುಳಪ್ಪ ಕೆಮ್ಮಿದ. ಕೋಲು ಕತ್ತರಿಸಬೇಕು, ಗೂಟ ಹತ್ತಿರಕ್ಕೆ ಸರಿಸಬೇಕು. ನನ್ನ ಕೈಯನ್ನು ಅವನು ಅಳೆಯುವಂತಿರಲಿಲ್ಲ; ದಾರವನ್ನು ಅತ್ತೆಯ ಕಡೆ ಚಾಚಿದ. ಅವರು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು, ಗಂಟು ಹಾಕಿ, ಅವನ ಮುಂದೆ ಎಸೆದರು. ಮುಖ ನೋಡಲಿಲ್ಲ.

ಎಲ್ಲ ಸರಿಯಾದ ಮೇಲೆ ಒಂದು ಬೆಳಿಗ್ಗೆ ಹಾಯಿ ಏರಿಸಿದೆ. ಮೊದಲು ದೋಣಿ ಸುತ್ತಿ ಸುತ್ತಿ ದಡಕ್ಕೇ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. "ಎಂಜಿನಿಯರ್ ಹೆಂಡ್ತಿ ನೋಡ್ರೇ!" ಎಂದಳೊಬ್ಬಳು. "ಯಾವ ಎಂಜಿನಿಯರ್ರು, ಸತ್ತನಲ್ಲೇ," ಎಂದಳು ಇನ್ನೊಬ್ಬಳು. ಆಮೇಲೆ ಗಾಳಿ ಸಿಕ್ಕಿತು. ಒಂದು ಕೈಲಿ ಕೋಲು, ಒಂದು ಕೈಲಿ ಹಗ್ಗ. ಎಳಿ, ಬಿಡು ಎನ್ನುವವರಿಲ್ಲ. ದೋಣಿ ವಾಲಿ ಓಡಿತು. ನನಗೆ ನಗು ಬಂತು, ಜೋರಾಗಿಯೇ ಬಂತು.

ನೀರಿನ ಮೇಲೆ ದನಿ ದೂರ ಹೋಗುತ್ತದೆ. ಹಿಂತಿರುಗಿ ನೋಡಿದರೆ ದಡದಲ್ಲಿ ಅತ್ತೆ ನಿಂತಿದ್ದರು. ಯಾವಾಗ ಬಂದಿದ್ದರೋ. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಅವರು ಊರ ಕಡೆ ನಡೆದರು.

ನನ್ನ ಕಿವಿ ಬಿಸಿಯಾಯಿತು. ದಡ ಇನ್ನೂ ಹತ್ತಿರವೇ ಇತ್ತು, ತಿರುಗಿಸಬಹುದಿತ್ತು. ಹಗ್ಗವನ್ನು ಇನ್ನಷ್ಟು ಎಳೆದು ಗೂಟಕ್ಕೆ ಬಿಗಿದೆ.